ಚರ್ಚ್ ಶಾಲೆಗೆ ಮಗುವನ್ನು ಸೇರಿಸುವ ಮುನ್ನ: ಕೋಲಾರ ಜಿಲ್ಲೆಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಕಡೆ ಚರ್ಚ್ ಶಾಲೆಗೆ ಮಗುವನ್ನು ಸೇರಿಸಬೇಕೆಂದಿರುವವರು ಜನವರಿಯಿಂದ ಜೂನ್‌ವರೆಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನರ್ಸರಿಯಿಂದ ಎಸ್ಸೆಸ್ಸೆಲ್ಸಿವರೆಗೆ ಒಂದೇ ಕಾಂಪೌಂಡಿನಲ್ಲಿ ನಡೆಯುವ, ರಾಜ್ಯ ಪಠ್ಯಕ್ರಮದ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದೆ. ಹೆಚ್ಚಿನವರ ಆತಂಕ ಧರ್ಮದ ಬಗ್ಗೆ. ಆದರೆ ಹತ್ತು ವರ್ಷ ಕಳೆದ ಮೇಲೆ ಅವರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಅರ್ಜಿಯಲ್ಲಿ ತಪ್ಪಾಗಿ ಬರೆದ ಒಂದು ಇನಿಷಿಯಲ್.

ಬೋರ್ಡಿನ ಮೇಲೆ ‘ಕಾನ್ವೆಂಟ್’ ಎಂದಿದೆ. ಅದು ಚರ್ಚ್ ಶಾಲೆ ತಾನೆ?

ಹಾಗೇನಿಲ್ಲ. ಕಾನ್ವೆಂಟ್ ಎಂದರೆ ಕನ್ಯಾಸ್ತ್ರೀಯರ ಮಠ. ನಮ್ಮ ಕಡೆ ಇಂಗ್ಲಿಷ್ ಮಾಧ್ಯಮದ ಯಾವ ಶಾಲೆಯಾದರೂ ಕಾನ್ವೆಂಟೇ. ಸಂತರ ಹೆಸರಿದ್ದ ಮಾತ್ರಕ್ಕೂ ಅದು ಚರ್ಚಿನದು ಎನ್ನುವಂತಿಲ್ಲ. ಆಡಳಿತ ಯಾರದು ಎಂದು ಆಫೀಸಿನಲ್ಲಿ ನೇರವಾಗಿ ಕೇಳಿ: ಧರ್ಮಪ್ರಾಂತ್ಯವೇ, ಕನ್ಯಾಸ್ತ್ರೀಯರ ಸಂಘವೇ, ಮಿಷನ್ನೇ, ಖಾಸಗಿ ಟ್ರಸ್ಟೇ? ಕೋಲಾರ ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು ಬೆಂಗಳೂರು ಮಹಾಧರ್ಮಪ್ರಾಂತ್ಯದ ಕೆಳಗೆ ಬರುತ್ತವೆ. ಮೆಥಡಿಸ್ಟ್ ಮತ್ತು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಆಡಳಿತ ಬೇರೆ. ಶುಲ್ಕದ ರಸೀದಿಯ ಮೇಲೆ ಯಾವ ಸಂಸ್ಥೆಯ ಹೆಸರಿದೆಯೋ ಹೊಣೆ ಆ ಸಂಸ್ಥೆಯದು.

ಜೊತೆಗೆ ಇನ್ನೆರಡು ವಿಷಯ ನೋಡಿ. ಸರ್ಕಾರ ಪ್ರತಿ ಶಾಲೆಗೂ ಕೊಡುವ, 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ ಇದೆಯೇ? ಮಾನ್ಯತೆ ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಸಿಕ್ಕಿದೆ? ಎಂಟನೇ ತರಗತಿವರೆಗೆ ಮಾತ್ರ ಮಾನ್ಯತೆ ಇರುವ ಶಾಲೆ ಒಂಬತ್ತಕ್ಕೆ ಮಕ್ಕಳನ್ನು ಕೂರಿಸಿಕೊಂಡರೆ ಎಸ್ಸೆಸ್ಸೆಲ್ಸಿ ನೋಂದಣಿ ಮಾಡುವಾಗ ಸಿಕ್ಕಿಬೀಳುತ್ತದೆ. ಆಗ ತೊಂದರೆ ಮಗುವಿಗೆ.

ಅನುದಾನಿತ, ಅನುದಾನರಹಿತ ಎಂದರೆ ನಮಗೇನು ವ್ಯತ್ಯಾಸ?

ಖರ್ಚಿನಲ್ಲಿ ಬಹಳ ವ್ಯತ್ಯಾಸವಿದೆ. ಅನುದಾನಿತ ವಿಭಾಗದಲ್ಲಿ ಮಂಜೂರಾದ ಹುದ್ದೆಗಳ ಶಿಕ್ಷಕರಿಗೆ ಸಂಬಳ ಸರ್ಕಾರದ್ದು. ಅಲ್ಲಿನ ಮಕ್ಕಳಿಗೆ ಉಚಿತ ಪಠ್ಯಪುಸ್ತಕ, ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಅನುದಾನರಹಿತ ವಿಭಾಗಕ್ಕೆ ಇದ್ಯಾವುದೂ ಇಲ್ಲ, ಶುಲ್ಕದಿಂದಲೇ ಎಲ್ಲ ನಡೆಯಬೇಕು.

ಹಳೆಯ ಮಿಷನ್ ಶಾಲೆಗಳಲ್ಲಿ ಒಂದೇ ಗೇಟಿನೊಳಗೆ ಎರಡೂ ಇರುವುದುಂಟು: ಕನ್ನಡ ಮಾಧ್ಯಮದ ವಿಭಾಗಕ್ಕೆ ಅನುದಾನ, ನರ್ಸರಿಗೂ ಇಂಗ್ಲಿಷ್ ಮಾಧ್ಯಮಕ್ಕೂ ಇಲ್ಲ. ಹಾಗಾಗಿ ‘ಶಾಲೆಗೆ ಅನುದಾನ ಇದೆಯಾ’ ಎಂದು ಕೇಳಬೇಡಿ, ‘ನಮ್ಮ ಮಗು ಕೂರುವ ತರಗತಿಗೆ ಇದೆಯಾ’ ಎಂದು ಕೇಳಿ. ಏಳನೇ ತರಗತಿವರೆಗೆ ಶುಲ್ಕ ಕಟ್ಟಿದವರಿಗೆ ಎಂಟರಲ್ಲಿ ಖರ್ಚು ಇಳಿಯಬಹುದು, ಏರಲೂಬಹುದು.

ವಯಸ್ಸು ಎಷ್ಟಾಗಿರಬೇಕು?

ಜೂನ್ 1ಕ್ಕೆ ನರ್ಸರಿಗೆ 3, ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು. 2025–26ರಲ್ಲಿ ಸರ್ಕಾರ ಒಂದನೇ ತರಗತಿಗೆ 5 ವರ್ಷ 5 ತಿಂಗಳ ಸಡಿಲಿಕೆ ಕೊಟ್ಟಿತ್ತು. ಅದು ಆ ವರ್ಷದ ಮಾತು. ನೀವು ಸೇರಿಸುವ ವರ್ಷದ ಸುತ್ತೋಲೆ ಏನು ಹೇಳುತ್ತದೋ ಅದೇ ಲೆಕ್ಕ.

ಎಡವಟ್ಟಾಗುವುದು ನರ್ಸರಿಯಲ್ಲಿ. ಎರಡೂವರೆ ವರ್ಷಕ್ಕೇ ಹಟ ಹಿಡಿದು ಸೇರಿಸಿದ ಮಗು ಯುಕೆಜಿ ಮುಗಿಸುವಾಗ ಐದೂವರೆಯಲ್ಲಿರುತ್ತದೆ. ಜೊತೆಯ ಮಕ್ಕಳು ಒಂದನೇ ತರಗತಿಗೆ ಹೋದರೆ ಇದು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕು. ಫಾದರ್‌ಗೋ ಸಿಸ್ಟರ್‌ಗೋ ಹೇಳಿಸಿದರೆ ಆಗುತ್ತದೆ ಎಂಬ ನಂಬಿಕೆ ಬೇಡ. ವಯಸ್ಸು ಹೊಂದದಿದ್ದರೆ, ಮಕ್ಕಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶ ಹೆಸರನ್ನೇ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಶಿಫಾರಸು ನಾಟುವುದಿಲ್ಲ.

ಯಾವ ದಾಖಲೆ ಬೇಕು? ಹೆಸರಿನ ಬಗ್ಗೆ ಯಾಕಷ್ಟು ಕೇಳುತ್ತಾರೆ?

ಜನನ ಪ್ರಮಾಣಪತ್ರ, ಮಗುವಿನ ಮತ್ತು ತಂದೆತಾಯಿಯ ಆಧಾರ್, ಲಸಿಕೆ ಕಾರ್ಡು, ಫೋಟೊ, ಬೇಕಿದ್ದರೆ ಜಾತಿ ಮತ್ತು ಆದಾಯ ಪತ್ರ. ಬೇರೆ ಶಾಲೆಯಿಂದ ಬರುವವರಾದರೆ ಟಿಸಿ ಮತ್ತು ಸ್ಯಾಟ್ಸ್ ಸಂಖ್ಯೆ. ಆಧಾರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. ಆದರೆ ಮುಂದೆ ಸ್ಕಾಲರ್‌ಶಿಪ್‌ಗೆ ಅದು ಬೇಕೇ ಬೇಕು. ಐದು ವರ್ಷದೊಳಗೆ ಮಾಡಿಸಿದ ಬಾಲ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. ಐದು ತುಂಬಿದ ಮೇಲೊಮ್ಮೆ, ಹದಿನೈದಕ್ಕೊಮ್ಮೆ ಬೆರಳಚ್ಚು ಕೊಟ್ಟು ಸರಿ ಮಾಡಿಸಬೇಕು.

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ನೋಂದಣಿಯಾದಾಗ ನಾಮಕರಣವೇ ಆಗಿರುವುದಿಲ್ಲವಲ್ಲ. ಹುಟ್ಟಿದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಅರ್ಜಿ ಫಾರಂ ತರುವ ಮೊದಲೇ ಈ ಕೆಲಸ ಮುಗಿಸಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ಪುರಾವೆ ಎಂದರೆ ಜನನ ಪ್ರಮಾಣಪತ್ರ ಮಾತ್ರ. 2027ರ ಜೂನ್‌ನಲ್ಲಿ ನರ್ಸರಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಈ ಲೆಕ್ಕಕ್ಕೆ ಬರುತ್ತಾರೆ. ಅಫಿಡವಿಟ್ ಮಾಡಿಸಿ ತರುತ್ತೇವೆ ಎಂಬ ಹಳೆಯ ದಾರಿ ಅವರಿಗಿಲ್ಲ.

ಇನ್ನು ಇನಿಷಿಯಲ್. ಮನೆಯಲ್ಲಿ ಎನ್. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎನ್, ಜನನ ಪತ್ರದಲ್ಲಿ ಮಂಜುನಾಥ ನಾರಾಯಣಪ್ಪ. ಓದುವವರಿಗೆ ಮೂರೂ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮೂರು ಬೇರೆ ಹುಡುಗರು. ಕ್ರೈಸ್ತ ಕುಟುಂಬಗಳಲ್ಲಿ ಇನ್ನೂ ಒಂದು ಸೇರಿಕೊಳ್ಳುತ್ತದೆ: ಚರ್ಚಿನ ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರು, ನಗರಸಭೆಯ ಪತ್ರದಲ್ಲಿ ಕರೆಯುವ ಹೆಸರು. ಜನನ ಪತ್ರದಲ್ಲಿರುವ ಹೆಸರನ್ನೇ ಆಧಾರ ಮಾಡಿಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿ.

ಪ್ರವೇಶ ಪುಸ್ತಕದಲ್ಲಿ ಬರೆದದ್ದು ಸ್ಯಾಟ್ಸ್‌ಗೆ ಹೋಗುತ್ತದೆ, ಸ್ಯಾಟ್ಸ್‌ನಲ್ಲಿರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಂಕಪಟ್ಟಿಯದು ಪಾಸ್‌ಪೋರ್ಟಿಗೂ ಕೆಲಸಕ್ಕೂ. ನರ್ಸರಿಯಲ್ಲಾದ ತಪ್ಪನ್ನು ಶಾಲೆಯ ಆಫೀಸಿನಲ್ಲೇ ತಿದ್ದಬಹುದು. ಪ್ರೌಢಶಾಲೆಗೆ ಬಂದಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕಾಗುತ್ತದೆ. ಅಂಕಪಟ್ಟಿ ಮುದ್ರಣವಾದ ಮೇಲೆ ಮಂಡಳಿಗೆ ಓಡಾಟ, ಜನ್ಮದಿನಾಂಕವಾದರೆ ಕೋರ್ಟಿಗೂ. ಅರ್ಜಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಅಕ್ಷರ ನೋಡಿ ತುಂಬಿ, ಅದರ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.

ಕ್ರೈಸ್ತರಲ್ಲದವರಿಗೆ ಸೀಟು ಸಿಗುತ್ತದೆಯೇ? ಜ್ಞಾನಸ್ನಾನದ ಪತ್ರ ಯಾರಿಗೆ ಬೇಕು?

ಸಿಗುತ್ತದೆ. ಜಿಲ್ಲೆಯ ಇಂಥ ಬಹುತೇಕ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳ ಸಂಖ್ಯೆಯೇ ಕಡಿಮೆ. ಚರ್ಚಿನ ಕುಟುಂಬಗಳಿಗೆ ಆದ್ಯತೆಯೋ ಶುಲ್ಕದಲ್ಲಿ ರಿಯಾಯಿತಿಯೋ ಇರುವ ಕಡೆ ಮಾತ್ರ ಜ್ಞಾನಸ್ನಾನದ ಪತ್ರ ಮತ್ತು ಧರ್ಮಕೇಂದ್ರದ ಗುರುಗಳ ಚೀಟಿ ಕೇಳುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಅದನ್ನೇ ದೀಕ್ಷಾಸ್ನಾನ ಎನ್ನುತ್ತಾರೆ. ಅದು ಜನನ ಪ್ರಮಾಣಪತ್ರಕ್ಕೆ ಬದಲಿ ಅಲ್ಲ.

ಧರ್ಮ, ಜಾತಿಯ ಕಾಲಂನಲ್ಲಿ ಏನು ಬರೆಯಬೇಕು?

ನಿಮ್ಮ ಬಳಿ ಇರುವ ಜಾತಿ ಪತ್ರದಲ್ಲಿ ಏನಿದೆಯೋ ಅದನ್ನೇ, ಅದರ ಆರ್‌ಡಿ ಸಂಖ್ಯೆಯ ಸಮೇತ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಪ್ರವರ್ಗ 1. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಧರ್ಮದ ಕಾಲಂನಲ್ಲಿ ‘ಕ್ರೈಸ್ತ’, ಪಕ್ಕದಲ್ಲಿ ‘ಪ.ಜಾ.’ ಎಂದು ಬರೆದು ಬಿಟ್ಟರೆ ಹತ್ತು ವರ್ಷದ ನಂತರ ಸ್ಕಾಲರ್‌ಶಿಪ್ ಅಥವಾ ಸಿಂಧುತ್ವ ಪರಿಶೀಲನೆಯಲ್ಲಿ ಆ ಎರಡು ಪದ ಒಂದನ್ನೊಂದು ಹೊಡೆಯುತ್ತವೆ. ಕಚೇರಿಯ ಗುಮಾಸ್ತರು ಅಂದಾಜಿನಲ್ಲಿ ತುಂಬಲು ಬಿಡಬೇಡಿ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಇದೆಯೇ?

ಅಲ್ಪಸಂಖ್ಯಾತ ಮಾನ್ಯತೆ ಇರುವ ಶಾಲೆಯಲ್ಲಿ ಇಲ್ಲ. ಸಂವಿಧಾನದ 30ನೇ ವಿಧಿಯ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿತು. 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ಎತ್ತಿ ದೊಡ್ಡ ಪೀಠದ ಪರಿಶೀಲನೆಗೆ ಕಳಿಸಿದೆ. ಇದಲ್ಲದೆ, 2018ರ ಕೊನೆಯಲ್ಲಿ ಕರ್ನಾಟಕ ನಿಯಮ ತಿದ್ದಿದ ಮೇಲೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿ ಶಾಲೆಗಳಲ್ಲಿ ಈ ಕಾಯ್ದೆಯ ಶೇ. 25ರ ಉಚಿತ ಸೀಟುಗಳೇ ಇಲ್ಲವಾಗಿವೆ. ಬಡ ಮಕ್ಕಳಿಗೆ ಉಳಿಯುವುದು ಆಡಳಿತ ಮಂಡಳಿ ಕೊಡುವ ರಿಯಾಯಿತಿ. ಕೇಳುವುದಾದರೆ ಮಾರ್ಚ್ ಒಳಗೆ ಬರವಣಿಗೆಯಲ್ಲಿ ಕೇಳಿ. ಜೂನ್‌ನಲ್ಲಿ ಬಾಯಿಮಾತಿಗೆ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಡೊನೇಷನ್, ಶುಲ್ಕ, ಯೂನಿಫಾರಂ?

1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಕರ್ನಾಟಕದಲ್ಲಿ ಜಾರಿಯಲ್ಲಿದೆ. ‘ಕಟ್ಟಡ ನಿಧಿ’ಗೆ ಸ್ವಂತ ಇಚ್ಛೆಯಿಂದ ಕೊಡುವುದು ಬೇರೆ, ಕೊಟ್ಟರಷ್ಟೇ ಸೀಟು ಎನ್ನುವುದು ಬೇರೆ. ಯಾವ ಹಣಕ್ಕೂ ರಸೀದಿ ಕೇಳಿ. ರಸೀದಿ ಇಲ್ಲ ಎಂದರೆ ಉತ್ತರ ಅಲ್ಲೇ ಸಿಕ್ಕಿತು.

ಶುಲ್ಕದ ಪಟ್ಟಿಯಲ್ಲಿ ಬೋಧನಾ ಶುಲ್ಕದ ಜೊತೆ ಕಂಪ್ಯೂಟರ್, ವಾರ್ಷಿಕೋತ್ಸವ, ಡೈರಿ, ಗುರುತಿನ ಚೀಟಿ, ವ್ಯಾನು ಎಲ್ಲವನ್ನೂ ಕೂಡಿಸಿ ವರ್ಷದ ಮೊತ್ತ ನೋಡಿ. ಮೊದಲ ಕಂತು ಕಡಿಮೆ ಇದ್ದ ಮಾತ್ರಕ್ಕೆ ಶಾಲೆ ಅಗ್ಗವಲ್ಲ. ಮಾವು, ಟೊಮೆಟೊ, ಹಾಲಿನ ದುಡ್ಡಿನ ಮೇಲೆ ನಡೆಯುವ ಮನೆಗಳು ಕಂತಿನ ದಿನಾಂಕವನ್ನು ಸೇರಿಸುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಡಿಸೆಂಬರ್ ಕಂತನ್ನು ಜನವರಿಗೆ ಮುಂದೂಡಲು ಒಪ್ಪುವ ಶಾಲೆಗಳಿವೆ, ಆದರೆ ಗಡುವು ಮುಗಿದ ಮೇಲೆ ಅಲ್ಲ.

ಯೂನಿಫಾರಂ ಒಮ್ಮೆ ಗೊತ್ತುಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಕರ್ನಾಟಕ ಶಿಕ್ಷಣ ಸಂಸ್ಥೆಗಳ 1995ರ ನಿಯಮಾವಳಿಯ 11ನೇ ನಿಯಮ ಇದು.

ನಮ್ಮ ಮಗುವಿಗೆ ಬೈಬಲ್ ಪಾಠ ಮಾಡುತ್ತಾರೆಯೇ? ಕುಂಕುಮ, ಬಳೆ, ಅಯ್ಯಪ್ಪನ ಮಾಲೆ?

ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿ ಇದನ್ನು ಹೇಳುತ್ತದೆ. ನಡೆಯುವ ರೀತಿ ಹೀಗೆ: ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ಪೀರಿಯಡ್, ಅದೇ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ. ಬೆಳಗಿನ ಸಾಲಿನಲ್ಲಿ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ ಎಲ್ಲರಿಗೂ. ಮೌಲ್ಯ ಶಿಕ್ಷಣದ ಪುಸ್ತಕವನ್ನು ಪ್ರವೇಶದ ಮೊದಲೇ ತರಿಸಿ ಓದಿ ನೋಡಿ. ಅದರಲ್ಲಿ ಏನಿದೆ ಎಂಬ ಗಾಳಿಮಾತಿಗಿಂತ ಪುಸ್ತಕ ತೆಳ್ಳಗಿರುತ್ತದೆ.

ಕುಂಕುಮ, ಬಳೆ, ಮದರಂಗಿಯ ಬಗ್ಗೆ ಒಂದೊಂದು ಶಾಲೆಯದು ಒಂದೊಂದು ಪದ್ಧತಿ. ಗಾಜಿನ ಬಳೆ ಬೇಡ ಎನ್ನುವುದು ಹೆಚ್ಚಾಗಿ ಆಟದಲ್ಲಿ ಒಡೆದು ಕೈ ಕುಯ್ಯುತ್ತದೆ ಎಂಬ ಕಾರಣಕ್ಕೆ. ಅಯ್ಯಪ್ಪನ ಮಾಲೆ ಹಾಕಿಸುವುದಾದರೆ ವ್ರತದ ದಿನಾಂಕ, ಬಟ್ಟೆ, ಚಪ್ಪಲಿ ವಿಷಯ ಬರೆದು ನವೆಂಬರ್‌ನಲ್ಲೇ ಎಚ್‌ಎಂಗೆ ಪತ್ರ ಕೊಡಿ. ಮಾಲೆ ಹಾಕಿಸಿದ ಮರುದಿನ ಗೇಟಿನಲ್ಲಿ ನಿಂತು ವಾದ ಮಾಡಿದರೆ ಮಗು ಎಲ್ಲರೆದುರು ಕುಗ್ಗುತ್ತದೆ.

ದಸರಾ ರಜೆ ಯಾಕೆ ಕಡಿಮೆ?

ಕ್ರಿಸ್‌ಮಸ್‌ಗೆ ಹೆಚ್ಚು ರಜೆ ಬೇಕೆನ್ನುವ ಕ್ರೈಸ್ತ ಶಾಲೆಗಳು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಅನುಮತಿ ಪಡೆದು ದಸರಾ ರಜೆಯಲ್ಲಿ ಅಷ್ಟು ದಿನ ಕಡಿತ ಮಾಡುತ್ತವೆ. ಒಟ್ಟು ಶಾಲಾ ದಿನಗಳು ಕಡಿಮೆಯಾಗಬಾರದಲ್ಲ. ಅಕ್ಕನ ಮಕ್ಕಳು ಬೇರೆ ಶಾಲೆಯಲ್ಲಿದ್ದರೆ ಊರಿಗೆ ಹೋಗುವ ದಿನಗಳು ಹೊಂದುವುದಿಲ್ಲ. ಟಿಕೆಟ್ ಮಾಡಿಸುವ ಮೊದಲು ಡೈರಿ ನೋಡಿ.

ಮನೆಯಲ್ಲಿ ತೆಲುಗು ಅಥವಾ ತಮಿಳು. ಕನ್ನಡ ಕಷ್ಟವಾಗದೇ?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಲ್ಲಿ ತಮಿಳು, ಕೋಲಾರದ ಹಲವು ಬೀದಿಗಳಲ್ಲಿ ಉರ್ದು. ಇಲ್ಲಿನ ಮಗು ಬೀದಿಯಲ್ಲೇ ಮೂರು ಭಾಷೆ ಕಲಿತು ಬರುತ್ತದೆ, ಮಾತು ಕಷ್ಟವಾಗುವುದಿಲ್ಲ. ಎಡವುವುದು ಬರವಣಿಗೆಯಲ್ಲಿ: ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ, ಲ–ಳ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಲ್ಲಕ್ಕೂ ಒಂದೇ ಅಕ್ಷರವಾದ್ದರಿಂದ ಆ ಮನೆಗಳ ಮಕ್ಕಳಿಗೆ ಒಂದು, ಎರಡನೇ ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷದ ಉಕ್ತಲೇಖನ ಬೇರೆ ಟ್ಯೂಷನ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಒಂದನೇ ತರಗತಿಯಿಂದ ಕನ್ನಡ ಓದಿದ ಮಗು ಪ್ರಥಮ ಭಾಷೆಯಾಗಿಯೇ ತೆಗೆದುಕೊಳ್ಳಲಿ. ಆಂಧ್ರದ ಕುಪ್ಪಂ ಕಡೆಯಿಂದ ಆರನೇ ತರಗತಿಗೆ ಬಂದ ಮಗುವಿಗೆ ದ್ವಿತೀಯ ಭಾಷೆಯೇ ಸರಿ.

ಹಳ್ಳಿಯಿಂದ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಏನಾದರೂ ಕಳೆದುಕೊಳ್ಳುತ್ತೇವೆಯೇ?

ಕಳೆದುಕೊಳ್ಳುತ್ತೀರಿ, ಮತ್ತು ಇದನ್ನು ಪ್ರವೇಶದ ಹೊತ್ತಿನಲ್ಲಿ ಹೇಳುವವರು ಕಡಿಮೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ವೇಮಗಲ್ ಪಕ್ಕದ ಹಳ್ಳಿಯ ಮಗು ಒಂದೇ ವರ್ಷ ಕೋಲಾರ ನಗರದ ಶಾಲೆಗೆ ಬಂದರೂ ಆ ಹಕ್ಕು ಹೋಯಿತು. ಹಾಗೆಯೇ ಕನ್ನಡ ಮಾಧ್ಯಮದ ಶೇ. 5 ಮೀಸಲಾತಿಗೂ 1ರಿಂದ 10 ಕನ್ನಡದಲ್ಲೇ ಓದಿರಬೇಕು. ಅದಕ್ಕಾಗಿ ಚರ್ಚ್ ಶಾಲೆ ಬೇಡ ಎಂದಲ್ಲ. ಹಳ್ಳಿಯಲ್ಲೇ ಇರುವ ಮಿಷನ್ ಶಾಲೆಯನ್ನೂ, ಅದೇ ಕಾಂಪೌಂಡಿನ ಕನ್ನಡ ಮಾಧ್ಯಮವನ್ನೂ ಒಮ್ಮೆ ನೋಡಿ ನಿರ್ಧರಿಸಿ.

ಬ್ಯಾಗು, ನೀರು, ವ್ಯಾನು?

2019ರ ಸರ್ಕಾರಿ ಆದೇಶದಂತೆ ಬ್ಯಾಗಿನ ತೂಕ 1–2ನೇ ತರಗತಿಗೆ 2 ಕಿಲೋ, 3–5ಕ್ಕೆ 3, 6–8ಕ್ಕೆ 4, 9–10ಕ್ಕೆ 5 ಕಿಲೋ ಮೀರಬಾರದು. ತೂಕ ಏರುವುದು ಪಠ್ಯಪುಸ್ತಕದಿಂದಲ್ಲ, ಇನ್ನೂರು ಪುಟದ ನೋಟ್‌ಬುಕ್ಕು ಮತ್ತು ಒಂದು ಲೀಟರ್ ಸ್ಟೀಲ್ ಬಾಟಲಿಯಿಂದ.

ನೀರಿನ ಬಗ್ಗೆ ಮಾತ್ರ ಬಿಡದೆ ಕೇಳಿ. ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5. ಶಾಶ್ವತ ಹಲ್ಲಿನ ಹೊದಿಕೆ ಬಲಿಯುವುದು ಎಂಟು ವರ್ಷದೊಳಗೆ, ಅಂದರೆ ನರ್ಸರಿಯಿಂದ ಮೂರನೇ ತರಗತಿವರೆಗಿನ ಕಾಲ. ಆಗ ಕುಡಿದ ನೀರು ಹಲ್ಲಿನ ಮೇಲೆ ಕಂದು ಗೆರೆಯಾಗಿ ಉಳಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ಇದೆಯೇ ಎಂದು ಕೇಳಿದರೆ ಸಾಲದು. ಮೆಂಬ್ರೇನ್ ಕೊನೆಯ ಬಾರಿ ಯಾವಾಗ ಬದಲಿಸಿದರು ಎಂದು ಕೇಳಿ.

ವ್ಯಾನು ಶಾಲೆಯದೋ ಹೊರಗಿನವರದೋ ತಿಳಿದುಕೊಳ್ಳಿ. ಹೊರಗಿನದಾದರೆ ಗೇಟಿನಾಚೆ ನಡೆದುದಕ್ಕೆ ಶಾಲೆ ಉತ್ತರ ಕೊಡಲು ಹಿಂಜರಿಯುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಉಚಿತ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು.

ಬೇರೆ ಶಾಲೆಯಿಂದ ಬರುವಾಗ ಟಿಸಿ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಕಾಗದದ ಟಿಸಿ ಕೈಗೆ ಬಂದರೂ ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡಿರುವುದಿಲ್ಲ. ಹೊಸ ಶಾಲೆ ಹೆಸರು ಎಳೆದುಕೊಳ್ಳಲು ಹೋದರೆ ‘ಬೇರೆ ಶಾಲೆಯಲ್ಲಿದ್ದಾರೆ’ ಎಂದು ಬರುತ್ತದೆ. ಟಿಸಿ ತೆಗೆದುಕೊಳ್ಳುವ ದಿನವೇ ಆ ಕೆಲಸ ಮುಗಿಯಿತೇ ಎಂದು ಅಲ್ಲಿಯೇ ಕೇಳಿಕೊಂಡು ಬನ್ನಿ. ಹೊರರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ಗಡಿ ದಾಟಿ. ಆಮೇಲೆ ಒಂದು ಸಹಿಗಾಗಿ ಚಿತ್ತೂರಿಗೋ ಕೃಷ್ಣಗಿರಿಗೋ ವಾಪಸು ಹೋಗಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿಯ ಲೆಕ್ಕ ಹೇಗೆ?

2025–26ರ ಪದ್ಧತಿಯಂತೆ ಒಟ್ಟು 625. ಪ್ರಥಮ ಭಾಷೆಗೆ 125, ಅದರಲ್ಲಿ 100 ಲಿಖಿತ, 25 ಆಂತರಿಕ. ಉಳಿದ ಐದು ವಿಷಯಕ್ಕೆ 80 ಮತ್ತು 20. ತೇರ್ಗಡೆಗೆ ಒಟ್ಟಾರೆ ಶೇ. 33, ಅಂದರೆ 206 ಅಂಕ, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಹಾಜರಾತಿ ಶೇ. 75. ಪರೀಕ್ಷೆ–1, ಪರೀಕ್ಷೆ–2 ಎಂದು ಒಂದಕ್ಕಿಂತ ಹೆಚ್ಚು ಅವಕಾಶವಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಆಂತರಿಕ ಅಂಕ ವರ್ಷವಿಡೀ ನಡೆಯುವ ರೂಪಣಾತ್ಮಕ ಪರೀಕ್ಷೆ (ಎಫ್‌ಎ), ಚಟುವಟಿಕೆಗಳಿಂದ ಬರುತ್ತದೆ. ಮದುವೆ ಜಾತ್ರೆ ಎಂದು ತಪ್ಪಿಸಿದ ಎಫ್‌ಎ ಅಲ್ಲಿ ಕಾಣಿಸುತ್ತದೆ. ನೋಂದಣಿಯ ವೇಳೆ ಶಾಲೆ ವಿವರದ ಪ್ರತಿ ಕೊಟ್ಟು ಸಹಿ ಕೇಳಿದಾಗ ಮಗುವಿನ ಕೈಯಲ್ಲಿ ಹಾಕಿಸಬೇಡಿ, ನೀವೇ ಬಂದು ಹೆಸರು, ತಂದೆತಾಯಿಯ ಹೆಸರು, ದಿನಾಂಕ, ಫೋಟೊ ನೋಡಿ ಹಾಕಿ.

ದೂರು ಇದ್ದರೆ ಯಾರ ಬಳಿ ಹೋಗಬೇಕು?

ಪಾಠದ ವಿಷಯ ಕ್ಲಾಸ್ ಟೀಚರ್‌ಗೆ, ಆಮೇಲೆ ಎಚ್‌ಎಂಗೆ. ಶುಲ್ಕ ಮತ್ತು ಆಡಳಿತದ ವಿಷಯ ಆಡಳಿತ ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುವ ಕರೆಸ್ಪಾಂಡೆಂಟ್‌ಗೆ. ಧರ್ಮಕೇಂದ್ರದ ಶಾಲೆಯಲ್ಲಿ ಸಾಮಾನ್ಯವಾಗಿ ಅಲ್ಲಿನ ಗುರುಗಳೇ ಆ ಸ್ಥಾನದಲ್ಲಿರುತ್ತಾರೆ, ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಹಿಂದಿನ ಫಾದರ್ ಬಾಯಲ್ಲಿ ಒಪ್ಪಿದ ರಿಯಾಯಿತಿ ಹೊಸಬರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಎಲ್ಲವೂ ಕಾಗದದಲ್ಲಿರಲಿ. ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕಿನ ಬಿಇಒ, ಮೇಲೆ ಕೋಲಾರದ ಡಿಡಿಪಿಐ.

ಹೊಡೆತ, ಲೈಂಗಿಕ ಕಿರುಕುಳದಂಥ ವಿಷಯದಲ್ಲಿ ಈ ಮೆಟ್ಟಿಲು ಹತ್ತುತ್ತಾ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ನೇರ ಪೊಲೀಸರಿಗೆ ಹೇಳಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟ ಶಾಲೆಯ ಮುಖ್ಯಸ್ಥರಿಗೂ ಶಿಕ್ಷೆಯಿದೆ. ‘ಒಳಗೇ ಮಾತಾಡಿ ಮುಗಿಸೋಣ’ ಎಂದು ಯಾರೇ ಹೇಳಿದರೂ, ಅವರು ಯಾವ ಅಂಗಿ ತೊಟ್ಟಿದ್ದರೂ, ಒಪ್ಪಬೇಡಿ.